ಲಕ್ಕೂರಿನಲ್ಲಿ ತಿರುಗಿದ ಇಂಪೆಲ್ಲರ್

ಚಂದ್ರಮೋಹನ್ ಕಳೆದ ವರ್ಷ ಆಡಿದ ಒಂದು ಮಾತು ಹದಿಮೂರು ತಿಂಗಳು ನನ್ನ ಹೊಟ್ಟೆಯಲ್ಲಿ ಉರಿಯುತ್ತಲೇ ಇತ್ತು.

"ಹಳ್ಳಿ ಹುಡುಗೀರಿಗೆ ಡ್ರಾಯಿಂಗ್ ಎಲ್ಲಾ ಯಾಕ್ ಮೇಡಂ? ಪ್ಯಾಕಿಂಗ್‌ಗೆ ಕಳ್ಸಿ. ಕೈ ಚುರುಕಾಗಿದೆ."

ಅವರು ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಪಂಪ್ ಕಾರ್ಖಾನೆಯ ಅಧಿಕಾರಿ. ನಾನು ಸುನಂದ. ಲಕ್ಕೂರಿನ ಹಳೆಯ ಹಾಲಿನ ಡೈರಿ ಕಟ್ಟಡದಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್‌ನಲ್ಲಿ ಯಂತ್ರದ ಭಾಗಗಳ ನಕ್ಷೆ ಬಿಡಿಸುವುದನ್ನು ಕಲಿಸುತ್ತೇನೆ. ವರ್ಷಕ್ಕೊಮ್ಮೆ ಚಂದ್ರಮೋಹನ್ ಬಂದು ನಮ್ಮ ಕಂಪ್ಯೂಟರ್‌ಗಳ ಮೇಲೆಯೇ ಪರೀಕ್ಷೆ ಮಾಡಿ, ಪಾಸಾದವರನ್ನು ಡ್ರಾಯಿಂಗ್ ಸೆಕ್ಷನ್‌ಗೆ ತೆಗೆದುಕೊಳ್ಳುವುದು ಒಪ್ಪಂದ.

ಕಳೆದ ವರ್ಷ ಒಬ್ಬರೂ ಪಾಸಾಗಲಿಲ್ಲ. ನಕ್ಷೆಯನ್ನು ಮೌಸ್ ಹಿಡಿದು ಒಂದು ಸುತ್ತು ತಿರುಗಿಸಿದರೆ ಪರದೆ ಮೂರು ಸೆಕೆಂಡ್ ನಿಂತು, ಒಂದು ಹೆಜ್ಜೆ ಇಟ್ಟು, ಮತ್ತೆ ನಿಲ್ಲುತ್ತಿತ್ತು. ನನ್ನ ಅತ್ಯಂತ ಜಾಣ ವಿದ್ಯಾರ್ಥಿನಿ ಚಂದನಳಿಗೆ ಒಂದು ಗಂಟೆಯಲ್ಲಿ ಅರ್ಧ ಭಾಗವನ್ನೂ ಮುಗಿಸಲಾಗಲಿಲ್ಲ. ಚಂದ್ರಮೋಹನ್ ನೋಡಿದ್ದು ಆ ಹುಡುಗಿಯ ಕೈಯನ್ನು, ಯಂತ್ರವನ್ನಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬಂತೆ ನನ್ನನ್ನೂ ನೋಡಿ ನಕ್ಕರು. ನೆಲ ನಿಜಕ್ಕೂ ಡೊಂಕಿದ್ದಾಗ ಏನು ಮಾಡಬೇಕೆಂದು ಆ ಗಾದೆ ಕಟ್ಟಿದವರು ಹೇಳಿಲ್ಲ. ಚಂದನ ಪ್ಯಾಕಿಂಗ್‌ಗೆ ಹೋದಳು. ತಲೆಗೆ ನೀಲಿ ಟೋಪಿ ಹಾಕಿಕೊಂಡು ದಿನಕ್ಕೆ ಎಂಟು ಗಂಟೆ ಪಂಪ್‌ಗಳನ್ನು ರಟ್ಟಿನ ಡಬ್ಬಕ್ಕೆ ತುಂಬುವ ಕೆಲಸ.

ಈ ಸಲ ಪರೀಕ್ಷೆ ಶನಿವಾರ. ಒಬ್ಬರಿಗೆ ಎರಡೇ ಅವಕಾಶ, ಚಂದನಳಿಗೆ ಇದು ಎರಡನೆಯದು. ಇದೂ ಹೋದರೆ ಅವಳು ಆ ಟೋಪಿಯಲ್ಲೇ ಮುದುಕಿಯಾಗುತ್ತಾಳೆ.

ಸೋಮವಾರ ನಾನು ಪಟ್ಟು ಹಿಡಿದು ಕೂತೆ. ಪರದೆಯ ಮೇಲೆ ಚಿತ್ರ ಬಿಡಿಸಲು ಕಂಪ್ಯೂಟರ್‌ನೊಳಗೆ ಅದಕ್ಕೆಂದೇ ಒಂದು ಚಿಪ್ ಇರುತ್ತದೆ. ಆ ಚಿಪ್‌ಗೆ ಅರ್ಥವಾಗುವ ಹಾಗೆ ಕೆಲಸ ಹೇಳುವುದು ಡ್ರೈವರ್. ಡ್ರೈವರ್ ಇಲ್ಲದಿದ್ದರೆ ಪಾಪದ ಪ್ರೊಸೆಸರ್ ಒಂದೊಂದು ಚುಕ್ಕೆಯನ್ನೂ ತಾನೇ ಲೆಕ್ಕ ಹಾಕಿ ಬಿಡಿಸಬೇಕು. ಚಿತ್ರವನ್ನು ಯಾರು ಬಿಡಿಸುತ್ತಿದ್ದಾರೆ ಎಂದು ಯಂತ್ರವನ್ನೇ ಕೇಳುವ ಒಂದು ಆಜ್ಞೆ ಇದೆ. ಕೇಳಿದೆ. "ಸಾಫ್ಟ್‌ವೇರ್" ಎಂಬ ಅರ್ಥದ ಉತ್ತರ ಬಂತು. ಅಂದರೆ ಹನ್ನೆರಡು ಯಂತ್ರಗಳಲ್ಲಿ ಹನ್ನೆರಡು ಚಿಪ್‌ಗಳು ಕಾಲು ಚಾಚಿ ಮಲಗಿದ್ದವು.

ಕಾರಣವೂ ಸಿಕ್ಕಿತು. ಯಾವುದೋ ಕಚೇರಿಯವರು ಬಳಸಿ ಬಿಟ್ಟು ನಮಗೆ ದಾನ ಕೊಟ್ಟ ಯಂತ್ರಗಳು ಅವು. ಒಳಗಿನ ವ್ಯವಸ್ಥೆಯನ್ನು ಯಾರೋ ಪುಣ್ಯಾತ್ಮ ಹೊಸ ಯಂತ್ರವೊಂದರಿಂದ ಹಾಗೆಯೇ ನಕಲು ಮಾಡಿದ್ದ. ಅದರಲ್ಲಿದ್ದ ಮೆಸಾ ಎಂಬ ಗ್ರಾಫಿಕ್ಸ್ ಲೈಬ್ರರಿಯನ್ನು, ಅಂದರೆ ಡ್ರೈವರ್‌ಗಳ ಕಂತೆಯನ್ನು, ಹೊಸ ಚಿಪ್‌ಗಳ ಡ್ರೈವರ್ ಮಾತ್ರ ಹಾಕಿ ಕಟ್ಟಿದ್ದ. ನಮ್ಮ ಹಳೆಯ ಚಿಪ್‌ಗೆ ಬೇಕಾದ ಡ್ರೈವರ್‌ನ ಹೆಸರು ಕ್ರೋಕಸ್. ಅದು ಪಟ್ಟಿಯಲ್ಲೇ ಇರಲಿಲ್ಲ. ಸಿದ್ಧವಾದದ್ದನ್ನು ಇಳಿಸಿಕೊಳ್ಳೋಣವೆಂದರೆ ಆ ನಕಲು ವ್ಯವಸ್ಥೆಗೆ ಹೊಂದುವಂಥದ್ದು ಎಲ್ಲೂ ಸಿಗಲಿಲ್ಲ. ಆದರೆ ಮೆಸಾದ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ತೆರೆದದ್ದು. ತಂದು, ನಮಗೆ ಬೇಕಾದ ಡ್ರೈವರ್ ಸೇರಿಸಿ, ನಾವೇ ಕಟ್ಟಿಕೊಳ್ಳಬಹುದು. ನಾನು ಹಿಂದೆಂದೂ ಅದನ್ನು ಮಾಡಿರಲಿಲ್ಲ. ಮಾಡಿಯೇ ಬಿಡೋಣ ಅಂದುಕೊಂಡೆ.

ಇಲ್ಲಿ ನಮ್ಮ ಮನೆಯ ಬುದ್ಧಿ ನನಗೆ ಕೈಕೊಟ್ಟಿತು. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹೊಸ ಹುಳ ತರುವ ಮೊದಲು ಹುಳದ ಮನೆಯಲ್ಲಿ ಹಳೆಯದರ ಒಂದು ಎಸಳೂ ಉಳಿಯಬಾರದು. ಸೊಪ್ಪು, ಹಿಕ್ಕೆ, ಕಡ್ಡಿ ಎಲ್ಲ ಆಚೆಗೆ. ತಟ್ಟೆಗಳು ಬಿಸಿಲಿಗೆ, ನೆಲಕ್ಕೆ ಬ್ಲೀಚಿಂಗ್ ಪೌಡರ್, ಗೋಡೆಗೆ ಸುಣ್ಣ. ಮೊದಲು ಖಾಲಿ ಮಾಡು, ಆಮೇಲೆ ತುಂಬು. ತವರಿನಲ್ಲೂ ಗಂಡನ ಮನೆಯಲ್ಲೂ ನಲವತ್ತೊಂದು ವರ್ಷ ಇದಕ್ಕೇ ಪಳಗಿದ ಕೈ, ಮಂಗಳವಾರ ಬೆಳಿಗ್ಗೆ ಹನ್ನೆರಡೂ ಯಂತ್ರಗಳಿಂದ ಹಳೆಯ ಲೈಬ್ರರಿಯನ್ನು ಒಂದೇ ಆಜ್ಞೆಯಲ್ಲಿ ಗುಡಿಸಿ ಹಾಕಿತು. ಮನಸ್ಸಿಗೆ ಎಷ್ಟು ಹಗುರವಾಯಿತೆಂದರೆ ಒಂದು ಲೋಟ ಕಾಫಿ ಕುಡಿದು ಬಂದೆ.

ಬಂದು ಯಂತ್ರಗಳನ್ನು ಮತ್ತೆ ಚಾಲೂ ಮಾಡಿದರೆ ಹನ್ನೆರಡು ಪರದೆಗಳೂ ಕಪ್ಪು. ಮೂಲೆಯಲ್ಲಿ ಬಿಳಿಯ ಒಂದು ಗೀಟು ಮಾತ್ರ ಮಿಣುಕುತ್ತಿತ್ತು. ಮೌಸ್ ಇಲ್ಲ, ಕಿಟಕಿ ಇಲ್ಲ, ನಕ್ಷೆಯ ಪ್ರೋಗ್ರಾಂ ಇಲ್ಲ. ಪರದೆಯ ಮೇಲಿನ ಎಲ್ಲವೂ ಆ ಲೈಬ್ರರಿಯ ಬೆನ್ನ ಮೇಲೆ ನಿಂತಿತ್ತು, ನಾನು ಬೆನ್ನನ್ನೇ ತೆಗೆದಿದ್ದೆ. ಪ್ಯಾಕಿಂಗ್‌ನಲ್ಲಿ ಊಟದ ಬಿಡುವು ಇದ್ದಾಗ ಚಂದನಳಿಗೆ ಫೋನ್ ಮಾಡಿದೆ.

"ಮೇಡಂ, ತೆಗೆಯೋಕ್ ಮುಂಚೆ ಕಾಪಿ ಇಟ್ಕೊಂಡ್ರಾ?" ಅಂದಳು.

"ಹಳೇ ಹಿಕ್ಕೆನ ಯಾರಾದ್ರೂ ಕಾಪಿ ಇಟ್ಕೋತಾರೇನೇ?" ಎಂದು ರೇಗಿದೆ.

"ಸರಿ ಮೇಡಂ. ಹಂಗಾದ್ರೆ ಹೊಸದು ಆಗ್ಲೇಬೇಕು," ಅಂದಳು. ನನಗೆ ಅಳು ಬಂತು. ಹೋದ ವರ್ಷ ಕನಿಷ್ಠ ಮೂರು ಸೆಕೆಂಡಿಗೊಂದು ಹೆಜ್ಜೆಯಾದರೂ ಇತ್ತು. ಈಗ ಅದೂ ಇಲ್ಲ, ಮತ್ತು ಇದಕ್ಕೆ ಬೈಯಲು ಯಾವ ಚಂದ್ರಮೋಹನನೂ ಸಿಗುವುದಿಲ್ಲ.

ಬುಧವಾರವೆಲ್ಲ ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳಲ್ಲಿ ಕೆಲಸ. ಸೂಚನೆಗಳನ್ನು ಮೊಬೈಲಿನಲ್ಲಿ ಓದುವುದು, ಯಂತ್ರದಲ್ಲಿ ಟೈಪ್ ಮಾಡುವುದು. ಮೊದಲು ಸಂರಚನೆ: ಯಾವ ಡ್ರೈವರ್ ಬೇಕು, ಯಾವುದು ಬೇಡ, ಕಟ್ಟಿದ್ದನ್ನು ಎಲ್ಲಿಡಬೇಕು ಎಂದು ಹೇಳಬೇಕು. ಡ್ರೈವರ್‌ಗಳ ಪಟ್ಟಿಯಲ್ಲಿ ಕ್ರೋಕಸ್ ಎಂದು ಬರೆದೆ. ಏನಾದರೂ ಕೆಟ್ಟರೆ ಇರಲಿ ಎಂದು ಸಾಫ್ಟ್‌ವೇರಿನದನ್ನೂ ಸೇರಿಸಿದೆ. ಅದು ಇಲ್ಲ, ಇದು ಇಲ್ಲ ಎಂದು ಬೀಗರ ಹಾಗೆ ಏಳು ಸಲ ತಕರಾರು ಮಾಡಿತು. ಒಂದೊಂದನ್ನೂ ತಂದುಕೊಟ್ಟೆ. ಎಂಟನೆಯ ಸಲ ಒಪ್ಪಿಕೊಂಡಿತು.

ಆಮೇಲೆ ಕಟ್ಟುವ ಕೆಲಸ. ಸಾವಿರದ ಚಿಲ್ಲರೆ ಕಡತಗಳು. ಬೇಗ ಆಗಲೆಂದು ನಾಲ್ಕು ನಾಲ್ಕನ್ನು ಒಟ್ಟಿಗೆ ಕಟ್ಟಲು ಹೇಳಿದೆ. ಮುನ್ನೂರು ದಾಟುವಷ್ಟರಲ್ಲಿ ಮೆಮೊರಿ ಸಾಲದೆ ಯಂತ್ರವೇ ಕೆಲಸವನ್ನು ಕತ್ತು ಹಿಸುಕಿ ನಿಲ್ಲಿಸಿತು. ಆತುರಗಾರನಿಗೆ ಬುದ್ಧಿ ಮಟ್ಟ. ಗುರುವಾರ ಒಂದೊಂದಾಗಿ ಕಟ್ಟು ಎಂದು ಹೇಳಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಸಂಖ್ಯೆಗಳು ಏರುತ್ತಾ ಹೋದವು. ಮಧ್ಯಾಹ್ನ ಮೂರೂವರೆಗೆ ಕೊನೆಯ ಕಡತವೂ ಮುಗಿಯಿತು. ಒಂದನೇ ನಂಬರ್ ಯಂತ್ರಕ್ಕೆ ಹಾಕಿ ಚಾಲೂ ಮಾಡಿದೆ. ಪರದೆ ಬೆಳಗಿತು, ಕಿಟಕಿಗಳು ಬಂದವು. ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ಚಿತ್ರ ಯಾರು ಬಿಡಿಸುತ್ತಿದ್ದಾರೆ ಎಂದು ಕೇಳಿದೆ.

ಸಾಫ್ಟ್‌ವೇರ್.

ಮತ್ತೆ ಕೇಳಿದೆ. ಮತ್ತೆ ಅದೇ ಉತ್ತರ. ಇಂಪೆಲ್ಲರ್‌ನ ನಕ್ಷೆಯೊಂದನ್ನು ತೆರೆದು ತಿರುಗಿಸಿದೆ. ನೀರನ್ನು ಮೇಲಕ್ಕೆ ತಳ್ಳುವ, ರೆಕ್ಕೆಗಳಿರುವ ಪಂಪ್‌ನ ಚಕ್ರ ಅದು. ಮೂರು ಸೆಕೆಂಡಿಗೆ ಒಂದು ಹೆಜ್ಜೆ ಇಟ್ಟಿತು. ನಾಲ್ಕು ದಿನ ಒದ್ದಾಡಿ ನಾನು ಹೊರಟ ಜಾಗಕ್ಕೇ ಬಂದು ನಿಂತಿದ್ದೆ. ಆ ನಕಲು ಮಾಡಿದ ಪುಣ್ಯಾತ್ಮನನ್ನು ಅವನ ಏಳು ತಲೆಮಾರಿನ ಸಮೇತ ಬೈದು, ಬಾಗಿಲಿಗೆ ಬೀಗ ಜಡಿದು ಮನೆಗೆ ಹೋದೆ.

ಮನೆಯಲ್ಲಿ ನನ್ನ ಅತ್ತೆ ಕದಿರಮ್ಮ ಕಾಯುತ್ತಿದ್ದರು. ಹುಳ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ಸೊಪ್ಪಿನ ಮೇಲೆ ಬಿದ್ದು ತಿನ್ನುವ ವಾರ ಅದು. ಅವು ತಿನ್ನುವಾಗ ಹುಳದ ಮನೆಯಲ್ಲಿ ಮಳೆ ಹನಿಯುವಂಥ ಸದ್ದಿರುತ್ತದೆ.

"ಏನಮ್ಮಾಯಿ, ಇವತ್ತಾದ್ರೂ ಆ ಡಬ್ಬ ಮಾತಾಡ್ತಾ?" ಅಂದರು. ಅವರ ತವರು ಆಂಧ್ರದ ಗಡಿಯ ಊರು, ನನ್ನನ್ನು ಹೆಸರಿಗಿಂತ ತೆಲುಗಿನಲ್ಲಿ ಹುಡುಗಿ ಎಂದು ಕರೆದದ್ದೇ ಹೆಚ್ಚು.

"ಮಾತಾಡ್ತು ಅತ್ತೆ, ಹಳೇ ಮಾತೇ ಆಡ್ತು," ಅಂದೆ.

ಸೊಪ್ಪು ಹಾಕುತ್ತಾ ಹೋದರೆ ಕೆಳಗಿನ ಒಂದು ತಟ್ಟೆಯ ಹುಳಗಳು ಮಂಕಾಗಿದ್ದವು. ಅತ್ತೆ ಹುಳಗಳನ್ನು ಅವು ಕೂತಿದ್ದ ಬಲೆಯ ಸಮೇತ ಎತ್ತಿ ಪಕ್ಕಕ್ಕಿಟ್ಟು, ತಟ್ಟೆಗೆ ಹಾಸಿದ್ದ ಪೇಪರಿನ ಅಂಚನ್ನು ಉಗುರಿನಿಂದ ಬಿಡಿಸಿದರು. ಅಡಿಯಲ್ಲಿ ಒದ್ದೆ ಹಿಕ್ಕೆ ಬೂಸ್ಟು ಹಿಡಿದು ಕೂತಿತ್ತು.

"ನೋಡಿದ್ಯಾ? ದಿನಾ ಗುಡಿಸ್ತೀವಿ. ಹುಳ ಹಾಕಿದ್ದೆಲ್ಲಾ ಎತ್ತಿ ಎಸೀತೀವಿ. ನಾವೇ ಹಾಸಿದ ಪೇಪರ್ ಮಾತ್ರ ಎತ್ತಿ ನೋಡಲ್ಲ. ಅದು ನಮ್ದಲ್ವಾ, ಚೆನ್ನಾಗೇ ಇರುತ್ತೆ ಅಂತ."

ನನ್ನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಬೀಗ ತೆಗೆದವಳೇ, ಆ ಪುಣ್ಯಾತ್ಮ ಹಾಕಿದ್ದನ್ನು ಬಿಟ್ಟು, ಆ ಯಂತ್ರಕ್ಕೆ ನಾನೇ ಹಾಕಿದ್ದನ್ನು ಹುಡುಕಿದೆ. ಯಂತ್ರ ಶುರುವಾಗುವಾಗ ಓದಿಕೊಳ್ಳುವ ಒಂದು ಕಡತ ಇದೆ. ಅದರ ಕೊನೆಯಲ್ಲಿ, "ಚಿಪ್ ಇದ್ದರೂ ಇಲ್ಲದಿದ್ದರೂ ಯಾವಾಗಲೂ ಸಾಫ್ಟ್‌ವೇರ್‌ನಲ್ಲೇ ಬಿಡಿಸು" ಎಂಬ ಅರ್ಥದ ಒಂದು ಸಾಲು. ಅದರ ಮೇಲೆ ಕನ್ನಡದಲ್ಲಿ ಒಂದು ಟಿಪ್ಪಣಿ: "ಸದ್ಯಕ್ಕೆ. ಆಮೇಲೆ ತೆಗೆಯಬೇಕು. ಸುನಂದ."

ಯಂತ್ರಗಳು ಬಂದ ಹೊಸದರಲ್ಲಿ ನಕ್ಷೆಯ ಪ್ರೋಗ್ರಾಂ ತೆರೆದರೆ ಸಾಕು, ಮುಚ್ಚಿಕೊಂಡು ಬಿಡುತ್ತಿತ್ತು. ಹೇಗಾದರೂ ತೆರೆಯಲಿ ಎಂದು ಅಂತರ್ಜಾಲದಲ್ಲಿ ಸಿಕ್ಕಿದ ಆ ಸಾಲನ್ನು ಹನ್ನೆರಡೂ ಯಂತ್ರಗಳಿಗೆ ಹಾಕಿ ಮರೆತಿದ್ದೆ. ಸದ್ಯಕ್ಕೆ ಎಂದದ್ದು ಎರಡು ವರ್ಷವಾಗಿತ್ತು. ಹೊಸ ಡ್ರೈವರ್ ಬಾಗಿಲಲ್ಲಿ ನಿಂತಿದ್ದರೂ ಒಳಗೆ ಬಿಡಬೇಡ ಎಂದು ಕಾವಲಿಗೆ ನಿಂತಿದ್ದವಳು ನಾನೇ. ಊರಿಗೆಲ್ಲ ಬೈದ ಬಾಯಿ ನನ್ನದು. ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು.

ಸಾಲನ್ನು ಅಳಿಸಿದೆ. ಯಂತ್ರವನ್ನು ಮತ್ತೆ ಚಾಲೂ ಮಾಡಿ, ಚಿತ್ರ ಯಾರು ಬಿಡಿಸುತ್ತಿದ್ದಾರೆ ಎಂದು ಕೇಳಿದೆ. ಈ ಸಲ ಅದು ನಮ್ಮ ಹಳೆಯ ಚಿಪ್‌ನ ಹೆಸರು ಹೇಳಿತು. ಇಂಪೆಲ್ಲರ್ ತೆರೆದು ಮೌಸ್ ಎಳೆದೆ. ಅದು ತಿರುಗಿತು. ನಿಲ್ಲದೆ, ತಡವರಿಸದೆ, ಬೋರ್‌ವೆಲ್‌ನೊಳಗೆ ನೀರು ಎತ್ತುತ್ತಿರುವ ಹಾಗೆ ಗರಗರ ತಿರುಗಿತು. ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಎದುರು ಅಂಗಡಿಯ ಮುನಿಯಲ್ಲಮ್ಮ ಹಾವು ಬಂತೇನೋ ಎಂದು ಕೋಲು ಹಿಡಿದು ಓಡಿ ಬಂದರು. ಅವರಿಗೂ ತಿರುಗಿಸಿ ತೋರಿಸಿದೆ. "ಇದಕ್ಕಾ ಕಣಮ್ಮ ಹಂಗ್ ಕಿರುಚಿದ್ದು?" ಎಂದು ಕೋಲು ತೆಗೆದುಕೊಂಡು ಹೋದರು.

ಮಧ್ಯಾಹ್ನ ಶಿಫ್ಟ್ ಮುಗಿಸಿ ಚಂದನ ಟೋಪಿ ತೆಗೆಯದೆಯೇ ಓಡಿ ಬಂದಳು. ಕಟ್ಟಿದ್ದನ್ನು ಉಳಿದ ಹನ್ನೊಂದು ಯಂತ್ರಗಳಿಗೆ ಹಾಕಿದವಳು ಅವಳೇ. ಮೂರನೆಯದಕ್ಕೆ ಬರುವಷ್ಟರಲ್ಲಿ ನನ್ನ ಸಹಾಯವೂ ಬೇಕಾಗಲಿಲ್ಲ. ಪ್ರತಿಯೊಂದರಲ್ಲೂ ಆ ಸಾಲನ್ನು ಅಳಿಸುವಾಗ ನನ್ನ ಟಿಪ್ಪಣಿ ಅವಳ ಕಣ್ಣಿಗೆ ಬೀಳುತ್ತಲೇ ಇತ್ತು. ನನಗೆ ತಡೆಯಲಾಗಲಿಲ್ಲ.

"ಆ ಸಾಲು ಹಾಕಿದ್ದು ನಾನೇ ಕಣೇ," ಅಂದೆ.

"ಗೊತ್ತು ಮೇಡಂ. ನೀವು ಹಾಕ್ಬೇಕಾದ್ರೆ ಪಕ್ಕದಲ್ಲೇ ಇದ್ನಲ್ಲ."

"ಮತ್ತೆ ಬಾಯ್ಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ನೀವ್ ಹಾಕಿದ್ದು ಸರಿಯಾಗೇ ಇರುತ್ತೆ ಅಂದ್ಕೊಂಡಿದ್ದೆ," ಎಂದು ತಲೆ ತಗ್ಗಿಸಿದಳು. ನಾನು ಅವಳ ತಲೆಯ ಮೇಲೊಂದು ಮೊಟಕಿದೆ. ಇನ್ನು ಮೇಲೆ ಯಾರು ಹಾಸಿದ ಪೇಪರ್ ಆದರೂ ಎತ್ತಿ ನೋಡಬೇಕು ಎಂದು ಹೇಳಿಕೊಟ್ಟೆ. ಈ ವರ್ಷ ನಾನು ಕಲಿಸಿದ ಒಳ್ಳೆಯ ಪಾಠ ಅದೊಂದೇ ಇರಬೇಕು.

ಶನಿವಾರ ಹತ್ತು ಗಂಟೆಗೆ ಚಂದ್ರಮೋಹನ್ ಬಂದರು. ಕಾಗದದ ಮೇಲಿನ ಒಂದು ನಕ್ಷೆ ಕೊಟ್ಟು, ಈ ಇಂಪೆಲ್ಲರನ್ನು ಒಂದು ಗಂಟೆಯಲ್ಲಿ ಪರದೆಯ ಮೇಲೆ ಕಟ್ಟಿ, ಅಡ್ಡ ಕತ್ತರಿಸಿ ಒಳಗಿನ ದಾರಿ ತೋರಿಸಿ ಎಂದರು. ಕುರ್ಚಿ ಎಳೆದುಕೊಂಡು ಮೊಬೈಲ್ ತೆಗೆದರು. ಈ ಸಲವೂ ಅರ್ಧಕ್ಕೆ ನಿಲ್ಲುತ್ತದೆ ಎಂಬುದು ಅವರ ಕೂತ ಭಂಗಿಯಲ್ಲೇ ಇತ್ತು.

ಮೂವತ್ತೆಂಟನೆಯ ನಿಮಿಷಕ್ಕೆ ಚಂದನ ಕೈ ಎತ್ತಿದಳು.

ಅವರು ಎದ್ದು ಬಂದು ನೋಡಿದರು. ಮೌಸನ್ನು ಅವಳ ಕೈಯಿಂದ ತೆಗೆದುಕೊಂಡು ಚಕ್ರವನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ತಲೆಕೆಳಗು ಮಾಡಿದರು, ಕತ್ತರಿಸಿದ ಕಡೆಯಿಂದ ಒಳಗೆ ಹೊಕ್ಕು ಹೊರಗೆ ಬಂದರು. ಪರೀಕ್ಷೆಗೆ ಅಷ್ಟೆಲ್ಲ ತಿರುಗಿಸಬೇಕಾಗಿರಲಿಲ್ಲ. ಸಂತೆಯಲ್ಲಿ ಗಿರಗಿಟ್ಲೆ ಸಿಕ್ಕಿದವರ ಹಾಗೆ ಬಿಡಲೇ ಒಲ್ಲರು. ಗಂಟೆ ಮುಗಿಯುವ ಹೊತ್ತಿಗೆ ಇನ್ನೂ ಐದು ಕೈಗಳು ಎದ್ದಿದ್ದವು.

"ಹೊಸ ಮಿಷಿನ್ ತಗೊಂಡ್ರಾ ಮೇಡಂ?" ಎಂದರು ಚಂದ್ರಮೋಹನ್.

"ಅವೇ ಸಾರ್. ಹೋದ್ ವರ್ಷದವೇ. ಡ್ರೈವರ್ ನಾವೇ ಕಟ್ಕೊಂಡ್ವಿ."

ಅವರು ಬಗ್ಗಿ ಡಬ್ಬದ ಮೇಲಿನ ಹಳೆಯ ಗೀರುಗಳನ್ನು ನೋಡಿದರು. ಆರು ಹೆಸರುಗಳನ್ನು ಬರೆದುಕೊಂಡರು. ಮೊದಲನೆಯದು ಚಂದನ. ಸೋಮವಾರದಿಂದ ಡ್ರಾಯಿಂಗ್ ಸೆಕ್ಷನ್‌ಗೆ ಬಾ ಎಂದರು. ಅವಳು ತಲೆ ಅಲ್ಲಾಡಿಸಿದಳು. ಹೊರಡುವಾಗ ಅವರು ಬಾಗಿಲಲ್ಲಿ ನಿಂತು, ಸ್ವಲ್ಪ ದನಿ ತಗ್ಗಿಸಿದರು.

"ನಮ್ಮಲ್ಲೂ ಇಂಥವೇ ಎಂಟು ಹಳೇ ಮಿಷಿನ್ ಇವೆ ಮೇಡಂ. ತುಂಬಾ ನಿಧಾನ. ಪ್ಯಾಕ್ ಮಾಡ್ಸಿ ಗುಜರಿಗೆ ಹಾಕ್ಬಿಡೋಣ ಅಂತಿದ್ವಿ."

ಹದಿಮೂರು ತಿಂಗಳು ಕಾದ ಮಾತು ನನ್ನ ನಾಲಿಗೆಯ ತುದಿಗೆ ತಾನಾಗಿ ಬಂತು.

"ಪ್ಯಾಕಿಂಗ್‌ಗೆ ಕಳಿಸ್ಬೇಡಿ ಸಾರ್," ಅಂದೆ. "ಮೊದ್ಲು ನಮ್ಮ ಚಂದನ ಹತ್ರ ತೋರಿಸಿ."

ಚಂದ್ರಮೋಹನ್ ನನ್ನ ಮುಖ ನೋಡಿದರು. ತಾವು ಆಡಿದ್ದು ಅವರಿಗೂ ನೆನಪಿತ್ತು. ಕಿವಿ ಕೆಂಪಾಯಿತು. ಆಮೇಲೆ ಚಂದನಳ ಕಡೆ ತಿರುಗಿ, "ಸೋಮವಾರ ಬಂದಾಗ ಅದನ್ನೂ ಒಂಚೂರು ನೋಡಮ್ಮ," ಎಂದು ಹೇಳಿ ಕಾರು ಹತ್ತಿದರು.

ಚಂದನ ಚೀಲದಿಂದ ನೀಲಿ ಟೋಪಿ ತೆಗೆದು ಒಂದು ಕ್ಷಣ ನೋಡಿದಳು. ಆಮೇಲೆ ಅದರಿಂದಲೇ ತನ್ನ ಪರದೆಯ ಮೇಲಿನ ಧೂಳನ್ನು ಒರೆಸಿದಳು.