ನಾಲ್ಕನೇ ಭಾಗದ ಕೊಡೆ

ಲೈಬ್ರರಿಯ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ಹೊಸ ರಟ್ಟು ಹಾಕುವ ಬೈಂಡರ್‌ಗೆ ಯಾವ ಕಥೆಯ ತಲೆಬುಡವೂ ಗೊತ್ತಿರಲಿಲ್ಲ. ತಪ್ಪು ಅವನದಲ್ಲ. ಏಳು ಭಾಗಗಳ ಕಾದಂಬರಿ ಎಂದರೆ ಒಂದನೇ ಭಾಗಕ್ಕೆ ಜನ ಮುಗಿಬೀಳುತ್ತಾರೆ, ಅದು ಹರಿದರೆ ಹೊಸದನ್ನೇ ತರಿಸುತ್ತಾರೆ. ಏಳನೆಯದನ್ನು ಮುಟ್ಟುವಷ್ಟು ತಾಳ್ಮೆ ಇರುವವರು ಕಡಿಮೆ, ಅದು ಹೊಳೆಯುತ್ತಾ ಕೂತಿರುತ್ತದೆ. ಸೊಂಟ ಮುರಿದುಕೊಂಡು ಅವನ ಮೇಜಿಗೆ ಬರುವುದು ಮೂರು, ನಾಲ್ಕು, ಐದು. ಹೊಲಿದು, ಬೆನ್ನಿಗೆ ಅಂಟು ಹಚ್ಚಿ, ಪ್ರೆಸ್ಸಿನಡಿ ಇಟ್ಟು, ಮಾರನೆಯ ದಿನ ಅಂಟಿಕೊಂಡ ಹಾಳೆಗಳನ್ನು ಒಂದೊಂದಾಗಿ ಬಿಡಿಸಬೇಕು. ಬಿಡಿಸುತ್ತ ಬಿಡಿಸುತ್ತ ಓದುವ ಚಟ ಹತ್ತಿತ್ತು.

“ಮಧ್ಯದಿಂದ ಓದಿದ್ರೆ ಏನ್ರೀ ಅರ್ಥ ಆಗುತ್ತೆ?” ಎಂದು ಲೈಬ್ರರಿಯ ಮೇಡಂ ಕೇಳಿದ್ದುಂಟು.

“ಬಸ್ಸಲ್ಲಿ ಪಕ್ಕದ ಗಂಡ ಹೆಂಡ್ತಿ ಜಗಳ ಆಡ್ತಿದ್ರೆ, ನಿಮ್ಮ ಮದುವೆಯಿಂದ ಶುರು ಮಾಡಿ ಅಂತೀವಾ ಮೇಡಂ? ಕಿವಿ ಕೊಟ್ರೆ ತಾನಾಗೇ ತಿಳಿಯುತ್ತೆ.”

ಅವನು ಸಂಸಾರಕ್ಕೆ ಕಾಲಿಟ್ಟದ್ದೂ ಹೀಗೆಯೇ. ನಲವತ್ತೆರಡನೆಯ ವಯಸ್ಸಿನಲ್ಲಿ, ಗಂಡನನ್ನು ಕಳೆದುಕೊಂಡ ಒಬ್ಬ ಹೊಲಿಗೆಯವಳನ್ನು ಮದುವೆಯಾಗಿ ಅವಳ ಮನೆಗೇ ಬಂದ. ಹೊಲಿಗೆ ಮೆಷಿನ್ನಿನ ಮೇಲಿನ ಗೋಡೆಯಲ್ಲಿ ದಪ್ಪ ಮೀಸೆಯ ಒಬ್ಬರ ಫೋಟೋ ಇತ್ತು. ಲಿಫ್ಟ್ ಮೆಕ್ಯಾನಿಕ್ ಆಗಿದ್ದರಂತೆ. ಇಷ್ಟು ಬಿಟ್ಟರೆ ಅವರ ಬಗ್ಗೆ ಅವನಿಗೆ ಏನೂ ತಿಳಿಯದು, ಅವನು ಕೇಳಲೂ ಇಲ್ಲ. ಬೇರೆಯವರ ದುಃಖದಲ್ಲಿ ಮೂಗು ತೂರಿಸಬಾರದು ಎಂದು ತನಗೆ ತಾನೇ ಹೇಳಿಕೊಂಡಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆ. ಆ ಮನುಷ್ಯ ತುಂಬಾ ಒಳ್ಳೆಯವನಾಗಿದ್ದರೆ ತನಗೆ ಈ ಮನೆಯಲ್ಲಿ ಜಾಗ ಎಲ್ಲಿ?

ಹದಿನೈದರ ಮಗಳು ಅವನನ್ನು ಏನೆಂದೂ ಕರೆಯುತ್ತಿರಲಿಲ್ಲ. “ಅಮ್ಮಾ, ಅವರಿಗೆ ಊಟಕ್ಕೆ ಹೇಳು,” ಎನ್ನುವಳು, ‘ಅವರು’ ಎರಡು ಮಾರು ದೂರದಲ್ಲೇ ಕೂತಿದ್ದರೂ. ಹದಿನಾಲ್ಕು ತಿಂಗಳು ಹೀಗೇ ಕಳೆದವು. ಈಗ, ಶನಿವಾರ ಸೋದರತ್ತೆಯ ಮನೆಗೆ ಹೋಗುತ್ತೇನೆ, ಇನ್ನು ಅಲ್ಲೇ ಇದ್ದು ಓದುತ್ತೇನೆ ಎಂದು ಹಟ ಹಿಡಿದಿದ್ದಳು. ತಾಯಿ ಬಾಯಿಗೆ ಬೀಗ ಹಾಕಿಕೊಂಡು ಮೆಷಿನ್ ತುಳಿಯುತ್ತಿದ್ದಳು. ಹುಡುಗಿ ಹೋಗುತ್ತಿರುವುದು ತನ್ನಿಂದಲೇ ಎಂಬುದು ಬೈಂಡರ್‌ಗೆ ಯಾರೂ ಹೇಳದೆಯೇ ಗೊತ್ತಿತ್ತು.

ಗುರುವಾರ ಅವನಿಗೊಂದು ದಾರಿ ಹೊಳೆಯಿತು. ಅಂದು ಪ್ರೆಸ್ಸಿನಿಂದ ತೆಗೆದದ್ದು, ದೋಣಿ ನಡೆಸುವ ಮನೆತನವೊಂದರ ಕಾದಂಬರಿಯ ನಾಲ್ಕನೇ ಭಾಗ. ಅದರ ಏಳೂ ಭಾಗಗಳನ್ನು ಹುಡುಗಿ ಓದಿ ಮುಗಿಸಿದ್ದಳು. ಊಟಕ್ಕೆ ಕೂತಾಗ ಹುರುಪಿನಿಂದ ಶುರು ಮಾಡಿದ.

“ಅದರಲ್ಲಿ ಆ ತಂಗಿ ಇದಾಳಲ್ಲ, ಎಂಥ ತಮಾಷೆ ಹೆಣ್ಣು! ಬಟ್ಟೆ ಇಲ್ಲ, ಬರೀ ಕಡ್ಡಿ ಉಳಿದಿರೋ ಕೊಡೆ. ಬಿರುಬಿಸಿಲಲ್ಲೂ ಅದನ್ನ ಬಿಚ್ಚಿ ಹಿಡ್ಕೊಂಡು ಸಂತೆಗೆ ಹೋಗ್ತಾಳೆ. ನಕ್ಕೂ ನಕ್ಕೂ ಸಾಕಾಯ್ತು ನಂಗೆ.”

ಹುಡುಗಿಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು.

“ಅಲ್ಲಿ ನಗ್ತಾರಾ ಯಾರಾದ್ರೂ?” ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. “ಆ ಕೊಡೆ ಯಾರದು ಅಂತ ಕೇಳ್ಬೇಕು ಅನ್ನಿಸ್ಲೇ ಇಲ್ವಾ ನಿಮಗೆ? ನಿಮಗೆ ಯಾವತ್ತೂ ಏನೂ ಕೇಳ್ಬೇಕು ಅನ್ನಿಸಲ್ಲ!”

ಅರ್ಧ ಊಟಕ್ಕೇ ಎದ್ದು ಹೋಗಿ ಬಾಗಿಲು ಹಾಕಿಕೊಂಡಳು.

ಶುಕ್ರವಾರ ಮಧ್ಯಾಹ್ನ, ಅಂಟು ಮೆತ್ತಿದ ಕೈಯಲ್ಲೇ ಅವನು ಮೆಟ್ಟಿಲು ಹತ್ತಿ ಮೇಲಿನ ಹಾಲ್‌ಗೆ ಹೋದ. ಮೂರನೇ ಭಾಗದಲ್ಲಿ ಕೊಡೆಯ ಮೂಲ ಸಿಗದೆ, ಎರಡನೇ ಭಾಗ ಹುಡುಕಿ ತೆಗೆದು ಕಿಟಕಿಯ ಪಕ್ಕ ಕೂತ. ಕೊಡೆ ಅಣ್ಣನದು. ಪ್ರವಾಹದ ದಿನ ಅದನ್ನು ತಂಗಿಯ ಕೈಗೆ ಕೊಟ್ಟು, “ಹಿಡ್ಕೊಂಡಿರು, ಬಂದೆ” ಎಂದು ನೆರೆಮನೆಯವರನ್ನು ಕರೆತರಲು ಹೊಳೆಗೆ ಇಳಿದವನು ತಿರುಗಿ ಬರಲಿಲ್ಲ. ಬೈಂಡರ್‌ನ ಕಣ್ಣು ಮಂಜಾಯಿತು. ಇಂಥ ಜಾಗದಲ್ಲಿ ಹಲ್ಲು ಕಿರಿದೆನಲ್ಲಾ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ಒಂದನೇ ಭಾಗಕ್ಕೂ ಕೈ ಚಾಚಿದ, ಮತ್ತೆ ಹಿಂದಕ್ಕೆ ತೆಗೆದುಕೊಂಡ. ಹುಡುಗಿ ಸಿಟ್ಟಾದದ್ದು ದೋಣಿಯವರ ಪರವಾಗಿಯೇ? ಹದಿನಾಲ್ಕು ತಿಂಗಳು ಆ ಫೋಟೋದ ಗಾಜಿನ ಧೂಳು ಒರೆಸಿದವನು ತಾನು. ಒಂದು ದಿನವೂ, ಇವರು ಹೇಗಿದ್ದರು ಎಂದು ಕೇಳಿರಲಿಲ್ಲ. ತಾನು ಮರ್ಯಾದೆ ಎಂದುಕೊಂಡದ್ದು ಹುಡುಗಿಗೆ ತಾತ್ಸಾರವಾಗಿ ಕಂಡಿತ್ತು. ಅರ್ಧ ದಿನದ ರಜೆ ಬರೆದುಕೊಟ್ಟು ನೇರ ಮನೆಗೆ ನಡೆದ.

ಹುಡುಗಿ ನೆಲದ ಮೇಲೆ ಕೂತು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಅವನು ಹೊಸ್ತಿಲಾಚೆಯೇ ನಿಂತ.

“ಕೊಡೆ ಅಣ್ಣಂದು ಅಂತ ಈಗ ಗೊತ್ತಾಯ್ತು. ತಪ್ಪಾಯ್ತು.”

ಅವಳು ಇನ್ನೊಂದು ಬಟ್ಟೆಯನ್ನು ಚೀಲಕ್ಕೆ ತುರುಕಿದಳು.

“ಇನ್ನೊಂದು ಕೇಳ್ಬೇಕಿತ್ತು, ಪುಟ್ಟಿ. ಬಂದ ದಿನವೇ ಕೇಳ್ಬೇಕಿತ್ತು. ಹೆದರಿಕೆಯಾಗಿ ಕೇಳ್ಲಿಲ್ಲ. ನಿಮ್ಮಪ್ಪ ಹೇಗಿದ್ರು?”

ಪಕ್ಕದ ಕೋಣೆಯಲ್ಲಿ ಮೆಷಿನ್ ನಿಂತಿತು. ಹುಡುಗಿ ಒಂದು ಅಂಗಿಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು.

“ಎಲ್ಲಿಂದ ಹೇಳ್ಲಿ?”

“ಮೊದಲಿಂದ.”

ಹುಡುಗಿ ಚೀಲದ ಕಡೆಗೇ ನೋಡುತ್ತ ಹೇಳಿದಳು: “ಊರಲ್ಲಿರೋ ಲಿಫ್ಟೆಲ್ಲ ಅಪ್ಪನೇ ರಿಪೇರಿ ಮಾಡೋರು. ಆದ್ರೆ ಒಂದಿನಾನೂ ಲಿಫ್ಟಲ್ಲಿ ಹೋದೋರಲ್ಲ. ಭಯ. ‘ರಿಪೇರಿ ಮಾಡಿದೋನು ಯಾರು ಅಂತ ನಂಗೆ ಗೊತ್ತಲ್ಲ’ ಅನ್ನೋರು. ಹನ್ನೊಂದು ಮಹಡಿ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಮೆಟ್ಟಿಲು ಹತ್ತೋರು.”

ಬೈಂಡರ್‌ಗೆ ನಗು ಉಕ್ಕಿ ಬಂತು. ನಿನ್ನೆಯದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದ, ಕಣ್ಣಲ್ಲಿ ನೀರು ಬರುವಷ್ಟು ಬಿಗಿಹಿಡಿದ.

ಹುಡುಗಿ ಅವನನ್ನೇ ದಿಟ್ಟಿಸಿದಳು. “ನಗಿ,” ಎಂದಳು. “ಇಲ್ಲಿ ನಗಬಹುದು.”

ಮೊದಲು ನಕ್ಕಿದ್ದು ಪಕ್ಕದ ಕೋಣೆಯಲ್ಲಿದ್ದ ತಾಯಿ. ನಗುತ್ತಲೇ ಅತ್ತುಬಿಟ್ಟಳು. ಬೈಂಡರ್ ಹೊಸ್ತಿಲು ದಾಟಿ ಬಂದು ನೆಲದ ಮೇಲೆ ಕೂತ. ಸಂಜೆ ಸೋದರತ್ತೆಯ ಫೋನ್ ಬರುವ ಹೊತ್ತಿಗೆ ಅಪ್ಪನ ಕಥೆ ಇನ್ನೂ ಮದುವೆಯ ತನಕವೂ ಬಂದಿರಲಿಲ್ಲ.

“ಇಲ್ಲ ಅತ್ತೆ, ನಾಳೆ ಬರಲ್ಲ,” ಎಂದಳು ಹುಡುಗಿ, ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತ. “ಆಮೇಲೆ ನೋಡೋಣ. ನಮ್ಮ ಬೈಂಡರ್ ಇನ್ನೂ ಒಂದನೇ ಭಾಗದಲ್ಲೇ ಇದಾರೆ.”