ಬೀಗರೂಟದ ವ್ಯಾನು

ಬೀಗರೂಟಕ್ಕೆ ಕರೆದವರನ್ನು ಬೀದಿಯಲ್ಲಿ ಬಿಟ್ಟು ಹೋದರೆ ಸಂತೆಮರಹಳ್ಳಿ ಕಡೆ ಆ ಮುನಿಸು ಮೊಮ್ಮಕ್ಕಳ ಕಾಲಕ್ಕೂ ಆರುವುದಿಲ್ಲ. ಅದಕ್ಕೇ ದೊಡ್ಡಮಾದಮ್ಮ, ಮಗಳ ಬೀಗರೂಟಕ್ಕೆ ಗುಂಡ್ಲುಪೇಟೆಗೆ ಹೊರಟ ದಿನ, ತಮ್ಮ ರಂಗರಾಜುವಿನ ಟಿ.ಟಿ. ವ್ಯಾನಿಗೆ ಕಂಡಕಂಡವರನ್ನೆಲ್ಲ ಹತ್ತಿಸಿದಳು. ಸೀಟು ತುಂಬಿದ ಮೇಲೆ ನಡುವೆ ಸ್ಟೂಲು ಬಂದವು. ಹಿಂದುಗಡೆ ಅಕ್ಕಿಮೂಟೆ, ಟಾಪಿನ ಮೇಲೆ ಪಾತ್ರೆಪಗಡ.

"ಹಿಂದ್ಕೆ ತೂಕ ಜಾಸ್ತಿಯಾದ್ರೆ ತಿರುವ್ನಲ್ಲಿ ಗಾಡಿ ಮಾತು ಕೇಳಾಕಿಲ್ಲ ಕಣಕ್ಕ. ಒಂದಷ್ಟು ಜನ ಬಸ್ಸಲ್ಲಿ ಬರ್ಲಿ" ಎಂದ ರಂಗರಾಜು.

"ನೀನೇನು ಸೋದರಮಾವ್ನೋ, ಬಾಡಿಗೆ ಡ್ರೈವರ್ರೋ?"

ಮಾತು ನಾಟಿತು. ರಂಗರಾಜು ಹೋಗಿ ಸ್ಟೇರಿಂಗ್ ಹಿಡಿದ. ಬರುವುದಿಲ್ಲ ಎನ್ನುತ್ತಿದ್ದ ಮುದುಕಿ ದೊಡ್ಡಮಲ್ಲಮ್ಮನನ್ನೂ ದೊಡ್ಡಮಾದಮ್ಮನೇ ಕೈಹಿಡಿದು ಹತ್ತಿಸಿ ಮೂಟೆಯ ಮೇಲೆ ಕೂರಿಸಿದಳು.

ತೆರಕಣಾಂಬಿ ದಾಟಿದ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ರಂಗರಾಜು ಪಕ್ಕಕ್ಕೆ ಎಳೆದ. ಹಿಂಭಾರಕ್ಕೆ ವ್ಯಾನು ಓಲಾಡಿ ಮಗುಚಿಕೊಂಡಿತು. ದೊಡ್ಡಮಲ್ಲಮ್ಮ ಅಲ್ಲೇ ಹೋದಳು. ರಂಗರಾಜುವಿನ ಎದೆ ಸ್ಟೇರಿಂಗಿಗೆ ಜಜ್ಜಿಹೋಗಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನಕ್ಕೆ ನಮ್ಮಲ್ಲಿ ಬರವೇ? "ಕುಡ್ದು ಓಡ್ಸವ್ನೆ" ಎಂದು ಊರು ತೀರ್ಮಾನ ಮಾಡಿತು. ಚಾಮರಾಜನಗರದ ಆಸ್ಪತ್ರೆಗೆ ಬಂದ ನೆಂಟರು ಉಳಿದ ಗಾಯಾಳುಗಳನ್ನು ಮಾತಾಡಿಸಿ, ಅವನ ಮಂಚದ ಹತ್ತಿರ ಮುಖ ತಿರುಗಿಸಿಕೊಂಡು ನಡೆದರು. ದೊಡ್ಡಮಾದಮ್ಮ ದಿನವೂ ಅವನಿಗೆ ಗಂಜಿ ಕುಡಿಸಿದಳು, ಒಳಗೊಳಗೇ ಬೆಂದಳು, ಆದರೆ ನಿಜ ಮಾತ್ರ ಬಾಯಿಗೆ ಬರಲಿಲ್ಲ. ಹೊಸ ಬೀಗರು ಏನೆಂದಾರೋ, ಮಗಳ ಬಾಳು ಏನಾದೀತೋ ಎಂಬ ಹೆದರಿಕೆ. ಅವನೂ ಅಕ್ಕನ ಹೆಸರೆತ್ತಲಿಲ್ಲ.

"ನಾನು ಕುಡ್ದಿರ್ನಿಲ್ಲ ಕಣಕ್ಕ" ಎಂದ, ಒಂದು ಬೆಳಿಗ್ಗೆ.

"ನಂಗೊತ್ತಿಲ್ವೇನ್ಲಾ" ಎಂದಳು, ಯಾರಿಗೂ ಕೇಳಿಸದಂತೆ. ಸಂಜೆಯೊಳಗೆ ಅವನ ಜೀವ ಹೋಯಿತು.

ಹೆಣ ಅಂಗಳಕ್ಕೆ ಬಂದರೂ ಎತ್ತಲು ಜನ ಬರಲಿಲ್ಲ. ದೊಡ್ಡಮಾದಮ್ಮನಿಗೆ ತಡೆಯಲಾಗಲಿಲ್ಲ. ಎದ್ದವಳೇ ದೊಡ್ಡಮಲ್ಲಮ್ಮನ ಮಗ ಮೂಗಯ್ಯನ ಬಾಗಿಲಿಗೆ ಹೋಗಿ ನಿಂತಳು.

"ಅವ್ನು ಬ್ಯಾಡ ಅಂದ ಕಣಪ್ಪ. ಜನ ತುಂಬಿದ್ದು ನಾನು. ನಿಮ್ಮವ್ವನ್ನ ಕೈಹಿಡ್ದು ಹತ್ತುಸ್ದೋಳೂ ನಾನೇ."

ಮೂಗಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ.

"ನಡಿ, ಹೆಗ್ಲು ಕೊಡ್ತೀನಿ. ಆದ್ರೆ ನಾನೂ ಆಸ್ಪತ್ರೆಗೆ ಬಂದಿದ್ದೆ ಕಣಕ್ಕ. ಅವ್ನು ಕೈ ಮುಗ್ದ, ನಾನು ಉಗ್ದುಬುಟ್ಟು ಬಂದೆ. ನೀನು ಅಲ್ಲೇ ಗಂಜಿ ಲೋಟ ಹಿಡ್ಕಂಡು ನಿಂತಿದ್ದೆ."