ಹಿಂಬಾಗಿಲ ಬೀಗ

ಸುಮಾ ಊದುಬತ್ತಿಯ ಕಟ್ಟನ್ನು ತೂಕದ ಮೆಷಿನ್ ಮೇಲಿಟ್ಟು, ಹೆಚ್ಚಾದ ಕಡ್ಡಿಗಳನ್ನು ತೆಗೆಯುತ್ತಿದ್ದಾಗ ಸೈರನ್ ಕೂಗಿತು. ಯಾರೂ ಬೆಚ್ಚಲಿಲ್ಲ. ಬೆಂಕಿ ಬಿದ್ದರೆ ಹೊರಗೆ ಬರುವ ತಾಲೀಮು ಇವತ್ತು ಇದೆಯೆಂದು ಮ್ಯಾನೇಜರ್ ಚಂದ್ರಮೌಳಿ ಬೆಳಗ್ಗೆಯೇ ಹೇಳಿದ್ದರು. ಕೆಸರೆಯ ಈ ಕಾರ್ಖಾನೆಯಲ್ಲಿ ಇಂಥದ್ದು ಇದೇ ಮೊದಲು. ನೋಡಲು ಸರಕು ಕೊಳ್ಳುವ ಕಂಪನಿಯವರು ಬಂದಿದ್ದರು.

"ಏಳ್ರಮ್ಮ, ಸಾಲಾಗಿ ಬನ್ನಿ," ಎಂದಳು. ಪ್ಯಾಕಿಂಗ್ ವಿಭಾಗಕ್ಕೆ ಅವಳೇ ಸೂಪರ್‌ವೈಸರ್.

ವರ್ಷವಿಡೀ ಬೀಗ ಬಿದ್ದಿರುತ್ತಿದ್ದ ಹಿಂಬಾಗಿಲು ಇವತ್ತು ಹಾರುಹೊಡೆದಿತ್ತು. ಹೆಂಗಸರು ಸೆರಗಿನ ಪುಡಿ ಕೊಡವುತ್ತಾ ಹಿತ್ತಲಿಗೆ ಬಂದರು. ಅಲ್ಲೊಂದು ಹೊಂಗೆ ಮರವಿತ್ತು. ಎಷ್ಟೋ ವರ್ಷದಿಂದ ಇಲ್ಲೇ ದುಡಿಯುತ್ತಿದ್ದ ಭಾನುಪ್ರಿಯಾ ಅದನ್ನು ನೋಡಿದ್ದು ಈಗಲೇ.

"ಅಯ್ಯೋ, ಇಷ್ಟ್ ತಂಪಾದ್ ಜಾಗ ಇತ್ತಾ ಇಲ್ಲಿ? ದಿನಾ ಬೆಂಕಿ ಬೀಳ್ಲಿ ಕಣಕ್ಕ, ಇಲ್ಲೇ ಕೂತು ಊಟ ಮಾಡ್ಬೋದು."

"ಸುಮ್ನಿರೇ, ಫೋಟೋ ತೆಗೀತಾವ್ರೆ," ಎಂದಳು ಸುಮಾ.

ಚಂದ್ರಮೌಳಿ ಬಂದವರಿಗೆ ವಿವರಿಸುತ್ತಿದ್ದರು. ಕರೆಂಟ್ ಹೋದರೆ ಜನರೇಟರ್ ಇದೆ, ಕಾಗದಪತ್ರಗಳ ನಕಲು ನಜರ್‌ಬಾದಿನ ಆಫೀಸಿನಲ್ಲಿದೆ, ಈ ಗೋದಾಮು ಸುಟ್ಟರೂ ಮಂಡಕಳ್ಳಿಯ ಗೋದಾಮಿನಿಂದ ಸರಕು ಹೊರಡುತ್ತದೆ. "ಏನೇ ಆದ್ರೂ ನಮ್ ಕೆಲಸ ನಿಲ್ಲಲ್ಲ ಸರ್."

ಎಲ್ಲದಕ್ಕೂ ಬದಲಿಗೆ ಇನ್ನೊಂದು ಇತ್ತು. ಈ ಹೆಂಗಸರಿಗೂ ಇನ್ನೊಂದಷ್ಟು ಹೆಂಗಸರು ಸಿಗುತ್ತಾರೆ ಎಂದುಕೊಂಡಳು ಸುಮಾ.

ಬಂದವರ ಕಾರು ಹೊರಟದ್ದೇ ತಡ, ಚಂದ್ರಮೌಳಿ ಬೀಗ ತಂದು ಅವಳ ಕೈಗಿಟ್ಟರು.

"ಹಾಕ್ಬುಡಿ."

"ತೆಗ್ದೇ ಇರ್ಲಿ ಸರ್. ಒಳಗೆಲ್ಲಾ ಸೆಂಟು, ಪುಡಿ, ರಟ್ಟು. ಮುಂದ್ಗಡೆ ಹತ್ಕೊಂಡ್ರೆ ಎಲ್ಲಿಗೆ ಓಡೋದು?"

"ಬೀಗದ ಕೈ ನಿಮ್ಮತ್ರಾನೇ ಇದೆಯಲ್ಲ."

"ನಾನು ರಜಾ ಹಾಕಿದ್ ದಿನ?"

"ಹೋದ್ ವರ್ಷ ಪೆಟ್ಟಿಗೆ ಕಳುವಾಗಿದ್ದು ಮರ್ತ್ರಾ? ಈ ಬಾಗಿಲು ತೆಗ್ದಿಟ್ಟು ಇನ್ನೊಂದು ಹೋದ್ರೆ ನಿಮ್ ಕೆಲಸಾನೂ ಹೋಗುತ್ತೆ, ಅಷ್ಟೇ."

"ಬುಡಿ ಸರ್," ಎಂದಳು ಭಾನುಪ್ರಿಯಾ. "ನಾವು ಸುಟ್ರೂ ಘಮ್ ಅಂತ್ಲೇ ಸುಡ್ತೀವಿ."

ಹೆಂಗಸರು ನಕ್ಕರು. ಚಂದ್ರಮೌಳಿಯೂ ನಕ್ಕರು. ನಗುವಿನಲ್ಲೇ ಎಲ್ಲರೂ ಒಳಗೆ ಹೋದರು.

ಸುಮಾ ಒಬ್ಬಳೇ ಬಾಗಿಲ ಬಳಿ ಉಳಿದಳು. ಸೂಪರ್‌ವೈಸರ್ ಆದ ಮೇಲೆಯೇ ಮನೆಯಲ್ಲಿ ಅವಳು ಮಾತಾಡಿದರೆ ಗಂಡ ತಲೆಯೆತ್ತಿ ಕೇಳತೊಡಗಿದ್ದು. ಈ ಕೆಲಸ ಅವಳಿಗೆ ಸಂಬಳಕ್ಕಿಂತ ದೊಡ್ಡದು. ಅಲ್ಲಿಂದಲೇ ಒಳಗೆ ನೋಡಿದಳು. ಬಗ್ಗಿದ ಬೆನ್ನುಗಳು, ಅವುಗಳ ಸುತ್ತ ಸೂರು ಮುಟ್ಟುವ ರಟ್ಟಿನ ರಾಶಿ.

ಒಳಗಿನಿಂದ ಬಾಗಿಲೆಳೆದು ಚಿಲಕಕ್ಕೆ ಬೀಗ ತೂಗುಹಾಕಿದಳು. ಒತ್ತಿ ಮುಚ್ಚಲಿಲ್ಲ.

"ಹಾಕಿದ್ರಾ?" ಚಂದ್ರಮೌಳಿ ಆಚೆ ತುದಿಯಿಂದ ಕೂಗಿದರು.

"ಹಾಕಿದೀನಿ ಸರ್."

ನಾಳೆಯೂ ಹೀಗೆಯೇ, ತಾನು ಇಲ್ಲಿರುವಷ್ಟು ದಿನವೂ ಹೀಗೆಯೇ. ಗಾಬರಿಯಲ್ಲಿ ಯಾರು ಎಳೆದರೂ ಬೀಗ ಕೈಗೆ ಬರಬೇಕು. ಕೆಲಸ ಹೋಗುವುದಾದರೆ ಹೋಗಲಿ. ಭಾನುಪ್ರಿಯಾಗೂ ಹೇಳುವುದು ಬೇಡ. ವಿಷಯ ಬಯಲಾದರೆ ಗೊತ್ತಿದ್ದವರೇ ಉತ್ತರ ಕೊಡಬೇಕಾಗುತ್ತದೆ. ಕೊಟ್ಟರೆ ತಾನೊಬ್ಬಳೇ ಕೊಡುತ್ತಾಳೆ.